ದೊಡ್ಡಪ್ಪ ಮುನಿಯದಿದ್ದರೆ ಒಂದಕ್ಕೆ ಇಪ್ಪತ್ತು

ನಮ್ಮ ದೊಡ್ಡಪ್ಪ ಮುನಿಸಿಕೊಳ್ಳದೆ ಮುಗಿದ ಮದುವೆಯನ್ನು ನಮ್ಮ ಬಳಗದಲ್ಲಿ ಯಾರೂ ನೋಡಿರಲಿಲ್ಲ. ಅವರು ನಮ್ಮಪ್ಪನ ಅಣ್ಣ. ರಾಯಕೋಟೆಯ ಹತ್ತಿರ ಹೊಲ, ಒಂದಿಷ್ಟು ಮಾವಿನ ಮರ, ಬೋರ್‌ವೆಲ್ಲು. ಉಳಿದ ದಿನಗಳಲ್ಲಿ ಅವರಷ್ಟು ಒಳ್ಳೆಯ ಮನುಷ್ಯ ಸಿಗುವುದಿಲ್ಲ. ದಾರಿಯಲ್ಲಿ ಹೋಗುವವರನ್ನೂ ಕೂಗಿ ಕರೆದು ಎಳನೀರು ಕೊಚ್ಚಿ ಕೊಡುತ್ತಾರೆ. ಆದರೆ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ಹೆಗಲಿಗೆ ಟವಲ್ಲು ಹಾಕಿ ಸಮಾರಂಭಕ್ಕೆ ಹೊರಟರೆಂದರೆ ಬೇರೆಯೇ ಮನುಷ್ಯ. ಯಾರು ಹೇಗೆ ಕರೆದರು, ಎಲ್ಲಿ ಕೂರಿಸಿದರು, ಯಾವ ಲೋಟದಲ್ಲಿ ಕಾಫಿ ಕೊಟ್ಟರು, ಎಲ್ಲದರ ಮೇಲೂ ಕಣ್ಣು. ಹೊಸೂರಿನ ನಮ್ಮ ಮನೆಯ ಗೃಹಪ್ರವೇಶದ ದಿನ, ಪುರೋಹಿತರಿಗೆ ಬೆಳ್ಳಿ ಲೋಟ, ತನಗೆ ಸ್ಟೀಲ್ ಲೋಟ ಎಂದು ಸಿಟ್ಟಾಗಿ, ಎದುರುಮನೆಯ ಕಾಂಪೌಂಡ್ ಗೋಡೆಯ ಮೇಲೆ ಹೋಗಿ ಕೂತುಬಿಟ್ಟರು. ಊಟವನ್ನು ಎಲೆಯ ಸಮೇತ ಅಲ್ಲಿಗೇ ಒಯ್ದು ಬಡಿಸಿದೆವು. ಎದುರುಮನೆಯವರು ಪಾಪ, ಹೊಸ ಪರಿಚಯ, ಏನೂ ಕೇಳಲಾರದೆ ಒಂದು ದಿಂಬು ತಂದುಕೊಟ್ಟರು.

ಹಾಗಾಗಿ ಚಿಕ್ಕಪ್ಪನ ಮಗಳ ಮದುವೆ ಕೃಷ್ಣಗಿರಿಯಲ್ಲಿ ಎಂದು ಗೊತ್ತಾದಾಗ, ನಮ್ಮ ತಲೆಮಾರಿನವರ ವಾಟ್ಸಾಪ್ ಗುಂಪಿನಲ್ಲಿ ಸೀರೆಗಿಂತ ಮೊದಲು ಚರ್ಚೆಗೆ ಬಂದದ್ದು ದೊಡ್ಡಪ್ಪ ಈ ಸಲ ಯಾವುದಕ್ಕೆ ಮುನಿಸಿಕೊಳ್ಳುತ್ತಾರೆ ಎಂಬುದು. ಒಬ್ಬ ತಮ್ಮ ಊಟಕ್ಕೆ ಎಂದ. ಇನ್ನೊಬ್ಬ ಫೋಟೋಗೆ ಎಂದ. ಬೆಟ್ ಕಟ್ಟುತ್ತೀಯಾ ಎಂದು ಅವನು, ಕಟ್ಟುತ್ತೀನಿ ಎಂದು ಇವನು. ಆಗ ನಾನು ನಡುವೆ ಬಾಯಿ ಹಾಕಿದೆ. ಹಾಗೆ ಕುರುಡಾಗಿ ಕಟ್ಟಬೇಡಿ, ದರ ನಾನು ಹಾಕುತ್ತೇನೆ, ದುಡ್ಡು ನನ್ನ ಹತ್ತಿರ ಕಟ್ಟಿ ಎಂದು ಬರೆದೆ.

ಈ ಧೈರ್ಯ ಎಲ್ಲಿಂದ ಬಂತೆಂದರೆ, ನಮ್ಮ ಕಾರ್ಖಾನೆಯ ಶಿಫ್ಟ್ ಬಸ್ಸಿನಿಂದ. ನಾನು ಮೋಟಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದೇನೆ. ನೂರು ತುಂಡುಗಳಲ್ಲಿ ಎಷ್ಟು ಕೆಟ್ಟಿರಬಹುದು ಎಂದು ಅಂದಾಜು ಮಾಡುವುದೇ ನನ್ನ ಅನ್ನ. ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಕೂರುವ ಸಹೋದ್ಯೋಗಿಯೊಬ್ಬರಿಗೆ ಕುದುರೆ ರೇಸಿನ ಹುಚ್ಚು. ಒಂದು ಕಾಫಿಗಿಂತ ಹೆಚ್ಚು ಯಾವತ್ತೂ ಕಟ್ಟಿದವರಲ್ಲ, ಆದರೆ ದರದ ಬಗ್ಗೆ ಮಾತು ಶುರುವಾದರೆ ಬಸ್ಸು ಗೇಟಿಗೆ ಬಂದರೂ ನಿಲ್ಲಿಸರು.

"ಒಂದಕ್ಕೆ ಮೂರು ಅಂದ್ರೇನು ಮೇಡಂ? ಹತ್ತು ಕಟ್ಟುದ್ರೆ ಮೂವತ್ತು ಗೆಲುವು. ಕಟ್ಟಿದ್ ಹತ್ತೂ ವಾಪಸ್ ಬತ್ತದೆ. ಕೈಗೆ ನಲವತ್ತು. ಸೋತ್ರೆ ನಿಮ್ ಹತ್ತು ಹೋಯ್ತದೆ, ಅಷ್ಟೆಯ. ಜನ ಬರೀ ಗೆಲುವು ನೋಡ್ತಾರೆ. ಅದ್ರೊಳಗೆ ಇನ್ನೊಂದ್ ಮಾತೈತೆ. ಒಂದು, ಮೂರು, ಕೂಡ್ಸಿದ್ರೆ ನಾಕು. ಅಂದ್ರೆ ದರ ಹಾಕ್ದೋನು, ಈ ಕುದ್ರೆ ನಾಕು ಸಲ ಓಡುದ್ರೆ ಒಂದ್ ಸಲ ಗೆಲ್ತದೆ ಅಂತ ಯೋಳ್ತಾವ್ನೆ. ನಿಮಗೆ ಅದು ಎರಡ್ ಸಲಕ್ಕೊಂದು ಗೆಲ್ತದೆ ಅನ್ನಿಸ್ತಾ? ಕಟ್ಟಿ. ಐದಕ್ಕೊಂದು ಅನ್ನಿಸ್ತಾ? ಸುಮ್ನೆ ಕಾಫಿ ಕುಡೀರಿ."

ಇಷ್ಟು ವಿದ್ಯೆ ನನಗೆ ಸಾಕಾಯಿತು. ಮದುವೆಯ ಹಿಂದಿನ ದಿನ ಮನೆಯಲ್ಲಿ ಕೂತು ದೊಡ್ಡಪ್ಪನ ಹಳೆಯ ಮುನಿಸುಗಳನ್ನೆಲ್ಲ ನೆನಪಿಗೆ ತಂದುಕೊಂಡೆ. ಅರ್ಧಕ್ಕರ್ಧ ಹೆಸರು, ಮರ್ಯಾದೆಗೆ ಸಂಬಂಧಿಸಿದವು. ಕಲ್ಯಾಣಮಂಟಪದ ಬಾಗಿಲಲ್ಲಿ ಚಿಕ್ಕಪ್ಪ ಎಲ್ಲ ಹಿರಿಯರ ಫೋಟೋ ಇರುವ ದೊಡ್ಡ ಫ್ಲೆಕ್ಸ್ ಕಟ್ಟಿಸುತ್ತಿದ್ದಾರೆಂದು ಗೊತ್ತಿತ್ತು. ಅದಕ್ಕೆ ಒಂದಕ್ಕೆ ಒಂದು. ಊಟಕ್ಕೆ ಒಂದಕ್ಕೆ ಮೂರು. ವೇದಿಕೆಯ ಮೇಲಿನ ಫೋಟೋಗೆ ಒಂದಕ್ಕೆ ನಾಲ್ಕು. ಯಾವುದಕ್ಕೂ ಮುನಿಸಿಕೊಳ್ಳದಿದ್ದರೆ? ನಗು ಬಂತು. ಒಂದಕ್ಕೆ ಇಪ್ಪತ್ತು ಎಂದು ಹಾಕಿದೆ.

ನನ್ನ ತಂಗಿ ಶಾಲೆಯಲ್ಲಿ ಗಣಿತದ ಟೀಚರು. ನನ್ನ ಹೆಗಲ ಮೇಲಿಂದ ಇಣುಕಿ ನೋಡಿ, ಮಕ್ಕಳ ತಪ್ಪು ಹುಡುಕುವಾಗಿನ ಆ ಸಂತೋಷದಲ್ಲಿ ಕೇಳಿದಳು:

"ಧರ್ಮಕ್ಕೆ ನಡೆಸ್ತಾ ಇದೀಯಾ ಇದನ್ನ?"

"ಯಾಕೆ?"

"ಎಲ್ಲಾನೂ ಭಿನ್ನರಾಶಿ ಮಾಡು. ಫ್ಲೆಕ್ಸ್ ಅರ್ಧ. ಊಟ ಕಾಲು. ಫೋಟೋ ಐದರಲ್ಲೊಂದು. ಕೊನೇದು ಇಪ್ಪತ್ತೊಂದರಲ್ಲೊಂದು. ಕೂಡಿಸಿದ್ರೆ ಒಂದಕ್ಕಿಂತ ಕೂದಲೆಳೆ ಕಡಿಮೆ. ಒಂದಕ್ಕಿಂತ ಜಾಸ್ತಿ ಬಂದ್ರೆ ಆ ಜಾಸ್ತಿ ಇರೋದು ನಿನ್ನ ಲಾಭ. ಕಡಿಮೆ ಬಂದ್ರೆ ನೀನು ಜನಕ್ಕೆ ದುಡ್ಡು ಹಂಚ್ತಾ ಇದೀಯ."

ಫೋಟೋದ ದರವನ್ನು ಮೂರಕ್ಕೆ ಇಳಿಸಿದೆ. ಈಗ ಮೊತ್ತ ಒಂದನ್ನು ಸ್ವಲ್ಪ ದಾಟಿತು. ನೂರು ರೂಪಾಯಿಗೆ ನಾಲ್ಕೈದು ರೂಪಾಯಿ ನನಗೆ ಉಳಿಯುವ ಹಾಗೆ.

"ಅದೂ ಜನ ಎಲ್ಲಾದರ ಮೇಲೂ ಸರಿಯಾಗಿ ಹಂಚಿ ಕಟ್ಟಿದ್ರೆ ಮಾತ್ರ," ಎಂದಳು ತಂಗಿ. "ಆ ಇಪ್ಪತ್ತಕ್ಕೆ ಒಂದು ಮಿತಿ ಹಾಕು. ಹತ್ತು ರೂಪಾಯಿ ಮೇಲೆ ತಗೋಬೇಡ."

"ಅದರ ಮೇಲೆ ಯಾವ ಹುಚ್ಚ ಕಟ್ತಾನೆ ಬಿಡು" ಎಂದೆ.

ನಿಯಮವನ್ನೂ ಗುಂಪಿನಲ್ಲಿ ಹಾಕಿದೆ, ಆಮೇಲೆ ತಕರಾರು ಬೇಡವೆಂದು. ಬರೀ ಗೊಣಗಿದರೆ, ಮುಖ ಊದಿಸಿಕೊಂಡರೆ ಮುನಿಸಲ್ಲ. ಟವಲ್ಲು ಕೊಡವಬೇಕು, "ನಾನ್ ಹೋಯ್ತೀನಿ" ಅನ್ನಬೇಕು, ಮಂಟಪದ ಗೇಟು ದಾಟಬೇಕು. ಮೂರೂ ಆಗಬೇಕು. ಬಸ್ಸು ವಾಪಸ್ಸು ರಾಯಕೋಟೆಗೆ ಬಂದು ಅವರು ಇಳಿಯುವವರೆಗೆ ಆಟ.

ಮದುವೆಯ ಬೆಳಿಗ್ಗೆ ಹೊಸೂರಿನಿಂದ ನೆಂಟರ ಬಸ್ಸು ಹೊರಟಿತು. ಹೈವೇಯಲ್ಲಿ ನೆಟ್ಟಗೆ ಹೋಗಬಹುದಿತ್ತು. ಆದರೆ ದೊಡ್ಡಪ್ಪನನ್ನು ಅವರ ಬಾಗಿಲಿಂದಲೇ ಹತ್ತಿಸಿಕೊಳ್ಳದಿದ್ದರೆ ಬಸ್ಸಿನಲ್ಲೇ ಆಟ ಮುಗಿಯುತ್ತಿತ್ತಾದ್ದರಿಂದ ರಾಯಕೋಟೆಯ ದಾರಿ ಹಿಡಿದೆವು. ಅಲ್ಲಿಗೆ ತಲುಪುವಷ್ಟರಲ್ಲಿ ನನ್ನ ಪರ್ಸಿನಲ್ಲಿ ಆರುನೂರ ನಲವತ್ತು ರೂಪಾಯಿ ಸೇರಿತ್ತು. ಫ್ಲೆಕ್ಸಿನ ಮೇಲೆ ನಾನೂರು, ಊಟ ಮತ್ತು ಫೋಟೋದ ಮೇಲೆ ತಲಾ ನೂರಿಪ್ಪತ್ತು. ಇಪ್ಪತ್ತರ ಮೇಲೆ ಒಂದು ಪೈಸೆಯೂ ಇಲ್ಲ.

ದೊಡ್ಡಪ್ಪ ಹತ್ತಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತರು. ದೊಡ್ಡಮ್ಮ ಮಾತ್ರ ಕೋಡುಬಳೆಯ ಡಬ್ಬಿ ಹಿಡಿದು ಹಿಂದಕ್ಕೆ, ನಮ್ಮ ಗಲಾಟೆಯ ಕಡೆಗೆ ಬಂದರು. ಗುಂಡು ಮುಖದ, ನಿಧಾನ ಮಾತಿನ ಹೆಂಗಸು. ಗಂಡ ಮುನಿದು ಹೊರಟಾಗಲೆಲ್ಲ ಹಿಂದಿನಿಂದ ಅವರ ಚಪ್ಪಲಿ ಎತ್ತಿಕೊಂಡು ಹೋಗುವುದು ಇವರ ಕೆಲಸ ಎಂದು ನಾವೆಲ್ಲ ತಿಳಿದಿದ್ದೆವು.

"ಏನಮ್ಮಣ್ಣಿ, ಎಲ್ರೂ ನಿನ್ ಕೈಗೇ ದುಡ್ ಕೊಡ್ತಾವ್ರೆ? ಮುಯ್ಯಿ ಒಟ್ಟಿಗಾಕ್ತೀರಾ?"

ಯಾರೋ ಕಿಸಕ್ಕೆಂದರು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಹೇಳಿಯೇಬಿಟ್ಟೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಒಂದು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡು ನನ್ನ ಪಕ್ಕದಲ್ಲೇ ಕೂತರು.

"ಮುನಿಸ್ಕಳ್ದೇ ಇದ್ರೆ ಎಷ್ಟು ಮಡಗಿದೀಯ?"

"ಒಂದಕ್ಕೆ ಇಪ್ಪತ್ತು ದೊಡ್ಡಮ್ಮ."

"ಅಂಗಂದ್ರೆ?"

"ಹತ್ತು ಕಟ್ಟಿದ್ರೆ ಇನ್ನೂರು ಸಿಗುತ್ತೆ."

"ನನ್ ಹತ್ತು?"

"ಅದೂ ವಾಪಸ್ಸು. ಇನ್ನೂರ ಹತ್ತು."

"ನೂರು ಕಟ್ಟುದ್ರೆ?"

"ಎರಡು ಸಾವಿರದ ನೂರು" ಎಂದು ನಕ್ಕೆ. ಅವರೂ ನಕ್ಕರು.

"ಮಖ ಊದುಸ್ಕಂಡ್ರೆ ಲೆಕ್ಕ ಇಲ್ಲ ತಾನೆ?"

"ಇಲ್ಲ."

"ಬಯ್ಕಂಡ್ರೆ?"

"ಅದೂ ಇಲ್ಲ. ಗೇಟು ದಾಟಬೇಕು, ಮಾತು ಆಡಬೇಕು, ಟವಲ್ಲು ಕೊಡವಬೇಕು."

ದೊಡ್ಡಮ್ಮ ಪರ್ಸಿನಿಂದ ನೂರರ ನೋಟು ತೆಗೆದು ನನ್ನ ಕೈಯಲ್ಲಿಟ್ಟರು. "ನಮ್ ಯಜಮಾನ್ರ ಕಡೆಗೆ ಒಬ್ರಾದ್ರೂ ಇರ್ಬೇಕಲ್ವಾ?" ತಂಗಿ ನನ್ನ ತೊಡೆಯನ್ನು ಬಲವಾಗಿ ಚಿವುಟಿದಳು. ನನಗೋ ದೊಡ್ಡಮ್ಮನ ಪತಿಭಕ್ತಿ ಕಂಡು ಅಯ್ಯೋ ಪಾಪ ಎನ್ನಿಸಿತ್ತು. ನೋಟನ್ನು ಪರ್ಸಿಗೆ ಹಾಕಿಕೊಂಡೆ. ದೊಡ್ಡಮ್ಮ ಎದ್ದು ಮುಂದಕ್ಕೆ ಹೋಗಿ ಗಂಡನ ಪಕ್ಕ ಕೂತರು. ಏನೋ ಹೇಳಿದರು. ದೊಡ್ಡಪ್ಪ ಒಮ್ಮೆ ತಿರುಗಿ ಬಸ್ಸಿನ ಹಿಂಭಾಗವನ್ನು ಉದ್ದಕ್ಕೂ ನೋಡಿದರು. ನಾನು ಕೈ ಬೀಸಿದೆ. ಅವರು ಬೀಸಲಿಲ್ಲ.

ಕೃಷ್ಣಗಿರಿಯ ಮಂಟಪದ ಮುಂದೆ ಫ್ಲೆಕ್ಸ್ ನೋಡಿ ನಮಗೆಲ್ಲ ಉಸಿರು ನಿಂತಿತು. ಮೇಲಿನ ಸಾಲಿನಲ್ಲಿ ಗಂಡಿನ ಕಡೆಯ ಹಿರಿಯರೆಲ್ಲ ಕೈಮುಗಿದು ನಿಂತಿದ್ದರು. ದೊಡ್ಡಪ್ಪ ಕೆಳಗಿನ ಸಾಲಿನ ತುದಿಯಲ್ಲಿ. ಅದೂ ಸಾಲದೆಂದು, ಫ್ಲೆಕ್ಸನ್ನು ಬಿದಿರಿಗೆ ಬಿಗಿದ ಹಗ್ಗ ನೇರವಾಗಿ ಅವರ ಮೂಗಿನ ಮೇಲೆ ಹಾದು ಅಲ್ಲೇ ಗಂಟಾಗಿತ್ತು. ಫ್ಲೆಕ್ಸಿಗೆ ಕಟ್ಟಿದವರು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದುಕೊಂಡರು. ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ನಿಂತು ನೋಡಿದರು.

"ಪರ್ವಾಗಿಲ್ಲ, ಚೆಂದಾಗಿ ಬಿದ್ದೈತೆ" ಎಂದು ಒಳಗೆ ನಡೆದರು.

ಬಾಗಿಲಲ್ಲಿ ಪನ್ನೀರಿನ ಹೂಜಿ ಹಿಡಿದು ನಿಂತಿದ್ದ ಚಿಕ್ಕಪ್ಪ ಕ್ಷಮಾಪಣೆಯ ಭಾಷಣ ತಯಾರು ಮಾಡಿಕೊಂಡಿದ್ದರು. "ಅಣ್ಣಾ, ಆ ಫ್ಲೆಕ್ಸ್ ಕಟ್ಟೋನು..." ಎಂದು ಶುರು ಮಾಡುವಷ್ಟರಲ್ಲಿ ದೊಡ್ಡಪ್ಪ, "ಬುಡ್ಲಾ, ಅದ್ಕೇನಂತೆ" ಎಂದು ಅವರ ಬೆನ್ನು ತಟ್ಟಿ ಮುಂದೆ ಹೋದರು. ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು. ನನ್ನನ್ನು ಕಂಬದ ಮರೆಗೆ ಎಳೆದರು.

"ಅಣ್ಣನ್ಗೆ ಮೈ ಉಸಾರಿಲ್ವೇನಮ್ಮಾ?"

"ಚೆನ್ನಾಗೇ ಇದಾರಲ್ಲ ಚಿಕ್ಕಪ್ಪ."

"ಇಲ್ಲ ಇಲ್ಲ, ನಂಗೊತ್ತು. ಸಿಟ್ಟು ನೆತ್ತಿಗೇರ್ಬುಟ್ಟೈತೆ. ಅದ್ಕೇ ಒರ‍್ಗೆ ಬತ್ತಾ ಇಲ್ಲ."

ಮಗಳ ಧಾರೆಗೆ ಇನ್ನೂ ಹೊತ್ತಿತ್ತು. ಹೋಗಿ ಗಂಡಿನ ಕಡೆಯ ಡಾಕ್ಟರೊಬ್ಬರನ್ನು ಹಿಡಿದು ತಂದರು. ವರನ ಕೋಣೆಯಲ್ಲಿ ದೊಡ್ಡಪ್ಪನ ತೋಳಿಗೆ ಪಟ್ಟಿ ಸುತ್ತಿ ಬೀಪಿ ನೋಡಿದ್ದಾಯಿತು. ಸ್ವಲ್ಪ ಜಾಸ್ತಿ ಇದೆ, ಗಾಬರಿ ಬೇಡ, ಮದುವೆ ಮನೆಯಲ್ಲಿ ಹೀಗಾಗುತ್ತದೆ ಎಂದರು ಡಾಕ್ಟರು. ಫ್ಲೆಕ್ಸಿನ ನಾನೂರು ನನ್ನದೇ ಆಯಿತೆಂಬ ಖುಷಿಯಲ್ಲಿ ನಾನು ಅದಕ್ಕೆ ಬೆಲೆ ಕೊಡಲಿಲ್ಲ.

ಫೋಟೋದ ಹೊತ್ತಿಗೆ, ಅದರ ಮೇಲೆ ಕಟ್ಟಿದ್ದ ತಮ್ಮನೊಬ್ಬ ಛಾಯಾಗ್ರಾಹಕನ ಕಿವಿಯಲ್ಲಿ ಏನೋ ಊದಿದ. ಹುಡುಗಿಯ ಕಡೆಯ ಹಿರಿಯರೆಲ್ಲ ವೇದಿಕೆ ಹತ್ತಿದಾಗ ಛಾಯಾಗ್ರಾಹಕ ದೊಡ್ಡಪ್ಪನಿಗೆ, "ಅಯ್ಯಾ, ಕೊಂಜಂ ತಳ್ಳಿ ನಿಲ್ಲುಂಗ" ಎಂದ. ಅವರು ಸರಿದರು. "ಇನ್ನುಂ ಕೊಂಜಂ" ಎಂದ. ಹೀಗೆ ಸರಿಸಿ ಸರಿಸಿ ಅವರನ್ನು ಹೂವಿನ ಕಂಬದ ಆಚೆಗೆ ನಿಲ್ಲಿಸಿದ. ದೊಡ್ಡಪ್ಪ ಅಲ್ಲಿಂದಲೇ ಹಲ್ಲು ಕಾಣುವಂತೆ ನಕ್ಕರು. ಆಲ್ಬಮ್ಮಿನಲ್ಲಿ ಈಗಲೂ ಇದೆ: ಚೆಂಡುಹೂವಿನ ಸರದ ನಡುವೆ ಒಂದು ಕಿವಿ, ಅರ್ಧ ನಗು. ಹಲ್ಲು ಕೀಳಿಸಿಕೊಳ್ಳುವವರ ಮುಖ.

ವೇದಿಕೆ ಇಳಿದವರೇ ಟವಲ್ಲು ಕೊಡವಿದರು. ಎಲ್ಲರೂ ಕುರ್ಚಿಯಿಂದ ಎದ್ದೆವು. ಅಕ್ಷತೆಯ ಕಾಳು ಉದುರಿದವು, ಅಷ್ಟೆ. ಆದರೆ ಟವಲ್ಲು ಹೆಗಲಿಗೆ ಹಾಕಿ ನೇರವಾಗಿ ಗೇಟಿನ ಕಡೆ ನಡೆದರು. ನಾವು ಮದುವೆ ಬಿಟ್ಟು ಸಾಲಾಗಿ ಹಿಂದೆ ಹೋದೆವು. ಗೇಟು ದಾಟಿ, ಪೆಟ್ಟಿಗೆ ಅಂಗಡಿಯಲ್ಲಿ ಎಲೆ ಅಡಿಕೆ ಕೊಂಡು, ಅಲ್ಲೇ ನಿಂತು ಸುಣ್ಣ ಸವರತೊಡಗಿದರು. ಟವಲ್ಲಾಯಿತು, ಗೇಟಾಯಿತು, ಫೋಟೋಗೆ ಕೊಡು ದುಡ್ಡು ಎಂದು ತಮ್ಮ ನನ್ನ ಮೇಲೆ ಬಿದ್ದ. ಮಾತು ಎಲ್ಲಿ ಆಡಿದರು ಎಂದೆ. ಅವನು ಆಡಿಸಿಯೇ ತೀರುತ್ತೇನೆಂದು ಹೋಗಿ ಕೇಳಿದ:

"ದೊಡ್ಡಪ್ಪಾ, ಹೋಯ್ತೀರಾ?"

"ಎಲ್ಲಿಗ್ಲಾ ಹೋಗ್ಲಿ? ಇನ್ನೂ ಉಂಡೇ ಇಲ್ವಲ್ಲ."

ಎಲೆ ಜಗಿಯುತ್ತಾ ಒಳಗೆ ಬಂದರು. ಆಗ ನನಗೆ ದೊಡ್ಡಮ್ಮನ ನೂರು ನೆನಪಾಯಿತು. ಒಂದು ಕುರ್ಚಿ ಹಿಡಿದು ಕೂತು ಲೆಕ್ಕ ಹಾಕಿದೆ. ಪರ್ಸಿನಲ್ಲಿರುವುದು ಏಳುನೂರ ನಲವತ್ತು. ಊಟಕ್ಕೆ ಮುನಿದರೆ ಕಟ್ಟಿದ ನೂರಿಪ್ಪತ್ತೂ ಸೇರಿ ನಾನೂರ ಎಂಬತ್ತು ಕೊಡಬೇಕು, ಇನ್ನೂರ ಅರವತ್ತು ನನಗೆ. ಮುನಿಯದಿದ್ದರೆ ದೊಡ್ಡಮ್ಮನಿಗೆ ಎರಡು ಸಾವಿರದ ನೂರು. ತಂಗಿ ಎದುರಿಗೆ ಬಂದು ನಿಂತು, "ಏನು, ಭಿನ್ನರಾಶಿ ಬಂತಾ?" ಎಂದಳು. ಎದ್ದು ನೇರವಾಗಿ ಅಡುಗೆಮನೆಗೆ ಹೋದೆ.

ಅಡುಗೆಯ ಮುಖ್ಯಸ್ಥರು ತಮಿಳಿನವರು, ಬೆವರಿನಲ್ಲಿ ಮಿಂದಿದ್ದರು. ದೊಡ್ಡಪ್ಪನನ್ನು ಕಿಟಕಿಯಿಂದ ತೋರಿಸಿ, ಆ ಹಿರಿಯರ ಎಲೆಗೆ ಪಾಯಸ ಹಾಕಬೇಡಿ ಎಂದೆ. ಅವರು ಕನಿಕರದಿಂದ ನೋಡಿ, "ಅವರುಕ್ಕು ಶುಗರಾಮ್ಮಾ?" ಎಂದರು. ಬೇರೆ ಕಾರಣ ಹೊಳೆಯದೆ ತಲೆಯಾಡಿಸಿದೆ.

ಆ ಮನುಷ್ಯ ತನ್ನ ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಮಾಡುತ್ತಾರೆಂದು ನನಗೇನು ಗೊತ್ತು? ಪಂಕ್ತಿಯ ನಡುವೆ ಬಡಿಸುವವನೊಬ್ಬ ದೊಡ್ಡಪ್ಪನ ಮುಂದೆ ನಿಂತು, ಹಾಲಿಗೆಲ್ಲ ಕೇಳುವಂತೆ, "ಇಂಗೆ ಶುಗರ್ ಪೇಷೆಂಟ್!" ಎಂದು ಕೂಗಿದ. ಪಾಯಸದ ಬಕೆಟ್ಟು ಅವರ ಎಲೆಯನ್ನು ಹಾರಿ ಮುಂದೆ ಹೋಯಿತು. ಹೋಳಿಗೆಯ ತಟ್ಟೆಯೂ ಹೋಯಿತು. ಅನ್ನವೂ ಹೋಯಿತು. ಬದಲಿಗೆ ಎರಡು ಒಣ ಚಪಾತಿ, ಬೇಯಿಸಿದ ಸೊಪ್ಪು ಬಂತು. ಜೀವಮಾನದಲ್ಲಿ ಸಕ್ಕರೆ ಕಾಯಿಲೆ ಹತ್ತಿರ ಸುಳಿಯದ, ಹೊಲ ಗೇಯುವ ಮನುಷ್ಯ ಆ ಚಪಾತಿಯನ್ನು ನೋಡಿದರು. ತಲೆಯೆತ್ತಿ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಅವರ ಕಿವಿಗಳು ಕೆಂಪಗಾಗಿದ್ದವು. ಕೈ ನಿಧಾನವಾಗಿ ಟವಲ್ಲಿನ ಮೇಲೆ ಹೋಯಿತು. ಮುಖ ಒರೆಸಿತು. ಮತ್ತೆ ಎಲೆಗೆ ಬಂತು.

"ಚಪಾತಿ ಮೆತ್ತಗೈತೆ" ಎಂದರು ದೊಡ್ಡಪ್ಪ.

ಪಕ್ಕದ ಎಲೆಯಿಂದ ದೊಡ್ಡಮ್ಮ ತಮ್ಮ ಪಾಯಸವನ್ನೂ ಹೋಳಿಗೆಯನ್ನೂ ಅವರತ್ತ ಸರಿಸಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಹಿಂದಿರುಗುವಾಗ ರಾಯಕೋಟೆಯಲ್ಲಿ ಬಸ್ಸು ನಿಂತಾಗ ದೊಡ್ಡಪ್ಪ ಮೊದಲು ಇಳಿದರು. ದೊಡ್ಡಮ್ಮ ಹಿಂದಕ್ಕೆ ಬಂದು ಕೈ ಚಾಚಿದರು. ಫೋನಿನಲ್ಲಿ ಹಾಕುತ್ತೇನೆಂದರೆ ಒಪ್ಪಲಿಲ್ಲ, "ನೋಟೇ ಕೊಡಮ್ಮಣ್ಣಿ, ನಂಗ್ ಅದ್ರಾಗೆಲ್ಲಾ ತಿಳೀದು" ಎಂದರು. ಪರ್ಸು ಬರಿದು ಮಾಡಿ, ಮಿಕ್ಕ ಸಾವಿರದ ಮುನ್ನೂರ ಅರವತ್ತನ್ನು ತಂಗಿಯ ಹತ್ತಿರ ಸಾಲ ಪಡೆದು ಎಣಿಸಿ ಕೊಟ್ಟೆ. ಸೋತವರೆಲ್ಲ ಗೆದ್ದವರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಬಸ್ಸು ಹೊರಟ ಮೇಲೆ ತಂಗಿ ಹೇಳಿದಳು: "ರೇಸಿನಲ್ಲಿ ಕುದುರೆ ಓಡಿಸೋ ಜಾಕಿಗೆ ಬಾಜಿ ಕಟ್ಟೋಕೆ ಬಿಡಲ್ಲ, ಗೊತ್ತಾ? ನೀನು ಜಾಕಿ ಹತ್ರಾನೇ ದುಡ್ಡು ಇಸ್ಕೊಂಡೆ." ಶಿಫ್ಟ್ ಬಸ್ಸಿನ ಸಹೋದ್ಯೋಗಿಗೆ ಈ ಕಥೆ ಹೇಳಿದಾಗ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆ ಅಮ್ಮನನ್ನು ಒಂದು ಸಲ ಬೆಂಗಳೂರಿನ ರೇಸ್ ಕೋರ್ಸಿಗೆ ಕರೆದುಕೊಂಡು ಹೋಗಬಹುದಾ ಎಂದು ಕೇಳಿದರು.

ಕೆಲವು ವಾರಗಳ ಮೇಲೆ ಕಣ್ಣು ತೋರಿಸಲು ದೊಡ್ಡಮ್ಮ ಹೊಸೂರಿಗೆ ಬಂದರು. ಕನ್ನಡಕದ ಅಂಗಡಿಗೆ ನಾನೇ ಜೊತೆಗೆ ಹೋದೆ. ಚಿನ್ನದ ಬಣ್ಣದ, ದುಬಾರಿಯ ಫ್ರೇಮೊಂದನ್ನು ಆರಿಸಿ, ಕನ್ನಡಿಯಲ್ಲಿ ಹೊರಳಿ ಹೊರಳಿ ನೋಡಿಕೊಂಡು, "ನಿನ್ ದುಡ್ಡೇ ಕಣಮ್ಮ" ಎಂದರು. ಆಗ ತಡೆಯಲಾರದೆ ಕೇಳಿದೆ.

"ದೊಡ್ಡಪ್ಪನಿಗೆ ಎಷ್ಟು ಪಾಲು ಕೊಡ್ತೀನಿ ಅಂದಿದ್ರಿ?"

"ಪಾಲಾ? ದುಡ್ಡಿನ್ ಮಾತೇ ಎತ್ತಲಿಲ್ಲ ನಾನು. ದುಡ್ಡು ಅಂದಿದ್ರೆ ಅಲ್ಲೇ ಬಸ್ ಇಳ್ದು ಹೋಗ್ಬುಡೋರು."

"ಮತ್ತೆ?"

"ನಿಮ್ ತಮ್ಮಂದ್ರ ಮಕ್ಳು, ನೀವು ಊಟದ್ ಗಂಟ ತಡ್ಕಳಾಕಿಲ್ಲ ಅಂತ ನಗಾಡ್ತಾವ್ರೆ ಅಂದೆ. ಅಷ್ಟೆಯಾ. ಅದ್ಕೆ ಬಂದ ಸಿಟ್ಟು ನೋಡ್ಬೇಕಿತ್ತು ನೀನು! ಅವತ್ತೆಲ್ಲಾ ಒಳ್ಗೊಳ್ಗೇ ಉರೀತಿದ್ರು. ಅದ್ರ ಮುಂದೆ ಆ ಫ್ಲೆಕ್ಸು, ಚಪಾತಿ, ಯಾವ್ ಲೆಕ್ಕ?" ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಮನೇಗ್ ಬಂದ್ರು ನೋಡು, ಟವಲ್ಲ ಒದರಿ, ನಾನ್ ಹೋಯ್ತೀನಿ ಅಂತ ಪಂಪ್‌ಸೆಟ್ ಮನೆ ಮೇಲೆ ಹತ್ತಿ ಕುಂತ್ರು. ಏಣಿ ಮೇಲ್ ನಿಂತು ಅನ್ನ ಕೊಟ್ಟಿದೀನಿ."

ನನಗೆ ಕನ್ನಡಕದ ಅಂಗಡಿಯಲ್ಲೇ ನಗು ತಡೆಯಲಾಗಲಿಲ್ಲ. ಸಿಟ್ಟು ನೆತ್ತಿಗೇರಿದೆ ಎಂದು ಸರಿಯಾಗಿ ಊಹಿಸಿದ್ದು ಗಾಬರಿಬಿದ್ದ ಚಿಕ್ಕಪ್ಪ ಒಬ್ಬರೇ. ಅವರು ಮಾತ್ರ ಬೆಟ್ ಕಟ್ಟಿರಲಿಲ್ಲ.

ಮಾವಿನ ಕಾಲದಲ್ಲಿ ದೊಡ್ಡಪ್ಪ ಎಂದಿನಂತೆ ಎಲ್ಲ ಮನೆಗಳಿಗೂ ಹಣ್ಣು ಕಳಿಸಿದರು. ನಮ್ಮ ಮನೆಗೆ ಈ ಸಲ ಎರಡು ಬುಟ್ಟಿ ಬಂದವು. ತಂಗಿಗೆಂದು ಬಂದದ್ದರಲ್ಲಿ ಹುಲ್ಲಿನ ನಡುವೆ ಮಾಗಿದ ಸಿಂಧೂರ ಹಣ್ಣು. ಮುಚ್ಚಳ ತೆಗೆದರೆ ಮನೆಯೆಲ್ಲ ಘಮ್ಮೆಂದಿತು. ನನ್ನ ಹೆಸರಿನ ಬುಟ್ಟಿಯಲ್ಲಿ ಹಸಿರು ಗಿಣಿಮೂತಿ ಕಾಯಿ, ಕಲ್ಲಿನ ಹಾಗೆ ಗಟ್ಟಿ. ಫೋನ್ ಮಾಡಿದೆ.

"ದೊಡ್ಡಪ್ಪಾ, ಕಾಯಿ ಬಂತು."

"ಉಳಿ ಐತಾ?"

"ಐತೆ ದೊಡ್ಡಪ್ಪ. ಹಲ್ಲು ಚುಳ್ ಅಂತು."

"ಇರ್ಲಿ" ಎಂದು ಫೋನಿಟ್ಟರು.

ನಾನೂ ತಂಗಿಯೂ ಮೆಟ್ಟಿಲ ಮೇಲೆ ಕೂತು, ಉಪ್ಪು ಖಾರ ಹಚ್ಚಿ ಸಂಜೆಯೊಳಗೆ ಅರ್ಧ ಬುಟ್ಟಿ ಮುಗಿಸಿದೆವು. ಉಳಿದದ್ದನ್ನು ಅಮ್ಮ ಉಪ್ಪಿನಕಾಯಿಗೆ ಹೆಚ್ಚಿದಳು.